ಇಡಿ ಕೋಳಿ: ಉಪ್ಪುನೀರಿನಲ್ಲಿ ನೆನೆಸಿ ಸುಡುವ ಕ್ರಮ

ಹುಣಸೂರು ತಾಲ್ಲೂಕಿನ ಗುರುಪುರ ಮತ್ತು ಸುತ್ತಲಿನ ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಸೀಮೆಗಳಲ್ಲಿ ಕೋಳಿ ಎಂದೊಡನೆ ನೆನಪಾಗುವುದು ಸಾರು ಮತ್ತು ರಾಗಿಮುದ್ದೆ. ಓವನ್ ಮನೆಗಳನ್ನು ಪ್ರವೇಶಿಸಿದ ಬಳಿಕ ಇಡಿ ಕೋಳಿಯನ್ನು ಸುಡುವ ಆಸೆಯೂ ಬೆಳೆದಿದೆ. ಆದರೆ ತೊಡೆ ಬೇಯುವಷ್ಟರಲ್ಲಿ ಎದೆಯ ಮಾಂಸ ಒಣಗಿ ಹತ್ತಿಯಂತಾಗುವುದೇ ಹೆಚ್ಚು. ಸುಡುವ ಮುನ್ನ ಉಪ್ಪುನೀರಿನಲ್ಲಿ ನೆನೆಸುವುದು ಇದಕ್ಕೆ ತಕ್ಕ ಉಪಾಯ.

ಈ ಕ್ರಮ ಎಲ್ಲ ಕೋಳಿಗಳಿಗೂ ಒಗ್ಗುವುದಿಲ್ಲ. ಮೊಟ್ಟೆಯಿಟ್ಟು ಮುದಿಯಾದ ನಾಟಿಕೋಳಿಯ ಸ್ನಾಯುಗಳಲ್ಲಿ ಗಟ್ಟಿ ಅಂಗಾಂಶ ಹೆಚ್ಚು; ಅದು ಕರಗಲು ನೀರಿನಲ್ಲಿ ದೀರ್ಘಕಾಲ ಕುದಿಯಬೇಕು. ಅದನ್ನು ಸಾರಿಗೇ ಮೀಸಲಿಡುವುದು ಜಾಣತನ. ಸುಡಲು 1.2ರಿಂದ 1.5 ಕಿಲೋ ತೂಕದ ಬ್ರಾಯ್ಲರ್ ಅಥವಾ ಎಳೆಯ ಗಿರಿರಾಜ ಸೂಕ್ತ. ಗಿರಿರಾಜ ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಗೊಂಡ ತಳಿ. ನಮ್ಮ ಅಂಗಡಿಗಳಲ್ಲಿ ಕೇಳದೆಯೇ ಚರ್ಮ ಸುಲಿದು ಕೊಡುವ ರೂಢಿಯಿದೆ. ಚರ್ಮವಿಲ್ಲದ ಕೋಳಿ ಸುಟ್ಟರೆ ಒಣಗುವುದು ಖಚಿತ. ಆದ್ದರಿಂದ ಚರ್ಮ ಸಮೇತ, ತುಂಡು ಮಾಡದೆ ಕೊಡುವಂತೆ ಮೊದಲೇ ಹೇಳಬೇಕು.

ಒಂದು ಲೀಟರ್ ನೀರಿಗೆ 50 ಗ್ರಾಂ ಉಪ್ಪು. ಅಳತೆಯನ್ನು ಚಮಚದಲ್ಲಲ್ಲ, ತೂಕದಲ್ಲಿ ಹಿಡಿಯಬೇಕು. ಕಲ್ಲುಪ್ಪು ಮತ್ತು ಪುಡಿಯುಪ್ಪು ಚಮಚದಲ್ಲಿ ಒಂದೇ ತೂಗುವುದಿಲ್ಲ. ಬಣ್ಣಕ್ಕಾಗಿ ಚೂರು ಬೆಲ್ಲ ಹಾಕಬಹುದು. ಕೋಳಿ ಮುಳುಗಲು ಸುಮಾರು ಮೂರು ಲೀಟರ್ ನೀರು ಸಾಕು. ಸ್ಟೀಲ್ ಪಾತ್ರೆಯೇ ಇರಲಿ. ಅಲ್ಯೂಮಿನಿಯಂ, ಹಿತ್ತಾಳೆ ಬೇಡ. ಉಪ್ಪು ಮಾಂಸದ ಕೆಲವು ಪ್ರೋಟೀನುಗಳನ್ನು ಸಡಿಲಿಸುವುದರಿಂದ ಎಳೆಗಳು ಉಬ್ಬಿ ನೀರನ್ನು ಹಿಡಿದಿಡುತ್ತವೆ; ಬೆಂಕಿಯಲ್ಲಿ ಕಳೆದುಹೋಗುವ ರಸ ಕಡಿಮೆಯಾಗುತ್ತದೆ. ಅರಿಸಿನ, ಖಾರದ ಪುಡಿಗಳು ಹೀಗೆ ಒಳಗಿಳಿಯುವುದಿಲ್ಲ. ಅವನ್ನು ಸುಡುವ ಮುನ್ನ ಹಚ್ಚಿದರಾಯಿತು.

ನೆನೆಸುವ ಅವಧಿ 6ರಿಂದ 8 ಗಂಟೆ, ಅದೂ ಫ್ರಿಜ್‌ನಲ್ಲಿಯೇ. ಆಗಷ್ಟೇ ಕೊಯ್ದ ಕೋಳಿ ಸೆಡೆತುಕೊಂಡಿರುತ್ತದೆ. ಈ ಅವಧಿಯಲ್ಲಿ ಆ ಬಿಗಿಯೂ ಸಡಿಲುತ್ತದೆ. ಅಡುಗೆಮನೆಯ ಕಟ್ಟೆಯ ಮೇಲೆ ರಾತ್ರಿಯಿಡೀ ಇಡುವುದು ಅಪಾಯಕರ. ಇಷ್ಟು ಉಪ್ಪು ಸಾಲ್ಮೊನೆಲ್ಲಾದಂತಹ ರೋಗಾಣುಗಳನ್ನು ಕೊಲ್ಲುವುದಿಲ್ಲ. ವಿದ್ಯುತ್ ಕಡಿತ ದೀರ್ಘವಾದರೆ ಪಾತ್ರೆಯ ಸುತ್ತ ಮಂಜುಗಡ್ಡೆ ತುಂಬಬೇಕು. ಅದು ಸಾಧ್ಯವಿಲ್ಲದಿದ್ದರೆ ಕೋಳಿಯನ್ನು ಕೂಡಲೇ ಬೇಯಿಸಿಬಿಡುವುದು ಲೇಸು. ಬಳಸಿದ ಉಪ್ಪುನೀರನ್ನು ಚೆಲ್ಲಬೇಕು.

ನಂತರ ಕೋಳಿಯನ್ನು ಬಟ್ಟೆಯಿಂದ ಒರೆಸಿ, ಸಾಧ್ಯವಾದರೆ ಎರಡು ಗಂಟೆ ಮುಚ್ಚದೆ ಫ್ರಿಜ್‌ನಲ್ಲಿಡಬೇಕು. ಒದ್ದೆ ಚರ್ಮ ಗರಿಗರಿಯಾಗದು. ಬೆಣ್ಣೆ, ಮೆಣಸು, ಜಜ್ಜಿದ ಬೆಳ್ಳುಳ್ಳಿ ಹಚ್ಚಿ, ಹೊಟ್ಟೆಯೊಳಗೆ ಒಂದು ಈರುಳ್ಳಿ ಇಟ್ಟರೆ ಸಾಕು. ಮತ್ತೆ ಉಪ್ಪು ಬೇಡ. 200 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಒಂದರಿಂದ ಒಂದೂಕಾಲು ಗಂಟೆ ಬೇಕಾಗುತ್ತದೆ. ಓವನ್ ಇಲ್ಲದವರು ದಪ್ಪತಳದ ಪಾತ್ರೆಯೊಳಗೆ ಬಳೆಯಂತಹ ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಕೋಳಿಯಿರಿಸಿ, ಮುಚ್ಚಳದ ಮೇಲೂ ಕೆಂಡ ಹರಡಿ ನಿಧಾನವಾಗಿ ಬೇಯಿಸಬಹುದು. ಈ ಭಾಗದ ತಂಬಾಕು ಬ್ಯಾರನ್‌ಗಳ ಒಲೆಯ ಕೆಂಡವನ್ನು ಬಳಸುವುದಾದರೆ ಹೊರಗೆ ತಂದೇ ಬಳಸಬೇಕು. ಎಲೆ ಹದಗೊಳಿಸುವ ಕೋಣೆಯೊಳಗೆ ಆಹಾರವನ್ನು ಒಯ್ಯಲೇಬಾರದು.

ಬೆಂದಿತೇ ಎಂಬುದನ್ನು ಬಣ್ಣದಿಂದ ನಿರ್ಧರಿಸಲಾಗದು. ಬೆಲ್ಲ ಹಾಕಿದ ಚರ್ಮ ಬೇಗ ಕೆಂಪಾಗುತ್ತದೆ. ಎದೆ ಹಾಗೂ ತೊಡೆಯ ದಪ್ಪ ಭಾಗದಲ್ಲಿ, ಎಲುಬಿಗೆ ತಾಗದಂತೆ, ಥರ್ಮಾಮೀಟರ್ ಕನಿಷ್ಠ 74 ಡಿಗ್ರಿ ತೋರಬೇಕು. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ದೃಢಪಟ್ಟದ್ದು ಹಲವರಿಗೆ ನೆನಪಿರಬಹುದು. ಆ ವೈರಾಣುವೂ ಈ ಶಾಖದಲ್ಲಿ ಉಳಿಯದು. ಹಸಿ ಕೋಳಿ ಮುಟ್ಟಿದ ಕೈ, ಚಾಕು, ಮಣೆಗಳನ್ನು ಸೋಪಿನಿಂದ ತೊಳೆಯದೆ ಸೊಪ್ಪು, ಸೌತೆಕಾಯಿ ಹೆಚ್ಚಬಾರದು.

ಒಲೆಯಿಂದ ಇಳಿಸಿದ ಕೋಳಿ 15 ನಿಮಿಷ ತಣಿದ ಮೇಲೆ ಕತ್ತರಿಸಿದರೆ ರಸ ತಟ್ಟೆಗೆ ಹರಿಯುವುದಿಲ್ಲ. ರಕ್ತದೊತ್ತಡಕ್ಕಾಗಿ ಉಪ್ಪು ಮಿತಿಗೊಳಿಸಿದವರಿಗೆ ಈ ವಿಧಾನ ಹಿತವಲ್ಲ. ಮಿಕ್ಕ ಎಲುಬುಗಳಿಂದ ಮರುದಿನ ಒಳ್ಳೆಯ ಸಾರು ಮಾಡಬಹುದು. ಉಪ್ಪನ್ನು ರುಚಿ ನೋಡಿದ ಬಳಿಕವಷ್ಟೇ ಹಾಕಬೇಕು.