ಎರಿನ್ ಜಲಪಾತ ಮತ್ತು ಎರಡು ಗಡೀಪಾರುಗಳು

ನಾನು ನೈಜೀರಿಯಾದಲ್ಲಿ ಮೂರು ವರ್ಷ ಉಪಾಧ್ಯಾಯನಾಗಿದ್ದೆನೆಂಬುದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ತಿಳಿದಿದೆ. ಈಜು ಕಲಿತದ್ದೂ ಅಲ್ಲಿಯೇ ಎಂಬುದು ಮನೆಯವರನ್ನು ಬಿಟ್ಟು ಬೇರೆಯವರಿಗೆ ತಿಳಿಯದು. ಬಯಲುಸೀಮೆಯ ನಮ್ಮೂರಿನಲ್ಲಿ ಹುಡುಗರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಧುಮುಕುತ್ತಿದ್ದರು. ನನ್ನನ್ನು ಮಾತ್ರ ನಮ್ಮ ತಾಯಿಯವರು ಬಾವಿಯ ಕಟ್ಟೆ ಹತ್ತಲೂ ಬಿಡುತ್ತಿರಲಿಲ್ಲ. ಕೊನೆಗೆ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಆಫ್ರಿಕದ ಒಂದು ಜಲಪಾತದ ಮಡುವಿನಲ್ಲಿ, ಘಾನಾ ದೇಶದ ಒಬ್ಬ ಗಾರೆ ಮೇಸ್ತ್ರಿ ನನಗೆ ಆ ವಿದ್ಯೆಯನ್ನು ಕಲಿಸಿದನು. ಆತನನ್ನು ಕುರಿತು ಬರೆಯಬೇಕೆಂದರೆ ಸ್ವಲ್ಪ ಚರಿತ್ರೆಯನ್ನೂ ಹೇಳಬೇಕಾಗುತ್ತದೆ. ಮತ್ತೆ ಪಾಠ ಶುರುವಾಯಿತೆಂದು ಬೇಸರಿಸಬೇಡಿ; ಪರೀಕ್ಷೆ ಇರುವುದಿಲ್ಲ.

1979ರ ಅಕ್ಟೋಬರಿನಲ್ಲಿ ನೈಜೀರಿಯಾದಲ್ಲಿ ಸೈನಿಕ ಆಡಳಿತ ಮುಗಿದು ಚುನಾಯಿತ ಸರ್ಕಾರಗಳು ಬಂದವು. ಯೊರುಬಾ ಸೀಮೆಯ ರಾಜ್ಯಗಳನ್ನು ಗೆದ್ದ ಒಬಾಫೆಮಿ ಅವೊಲೊವೊ ಅವರ ಪಕ್ಷವು ಪ್ರೌಢಶಿಕ್ಷಣವನ್ನು ಉಚಿತಗೊಳಿಸಿತು. ತರಗತಿಗಳು ತುಂಬಿ ತುಳುಕಿದವು. ತೈಲದ ಹಣವೂ ಹರಿಯುತ್ತಿದ್ದ ಕಾಲವದು. ಕಲಿಸುವವರು ಸಾಲದೆ ಭಾರತದಿಂದ, ಘಾನಾದಿಂದ ಉಪಾಧ್ಯಾಯರನ್ನು ತರಿಸಿಕೊಂಡರು. ಹಾಗೆ ಬಿ.ಎಡ್. ಮುಗಿಸಿ ಎರಡು ವರ್ಷವಾಗಿದ್ದ ನಾನು 1981ರಲ್ಲಿ ಇಲೇಶ ಪಟ್ಟಣಕ್ಕೆ ಹೋದೆನು. ಗಣಿತ ಹೇಳುತ್ತಿದ್ದ ಸಹೋದ್ಯೋಗಿ ಘಾನಾದ ಕುಮಾಸಿಯವರು. ಅವರ ತಮ್ಮನೇ ಈ ಮೇಸ್ತ್ರಿ. ಹೊಸ ಕೊಠಡಿಗಳ ಗೋಡೆ ಕಟ್ಟಲು ಬಂದವನು. ಪಶ್ಚಿಮ ಆಫ್ರಿಕದ ದೇಶಗಳು 1979ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಒಬ್ಬರ ದೇಶದಲ್ಲಿ ಮತ್ತೊಬ್ಬರು ವೀಸಾ ಇಲ್ಲದೆ 90 ದಿನ ಇರಬಹುದಾಗಿತ್ತು. ಕೆಲಸವಿರುವಾಗ ತೊಂಬತ್ತೊಂದನೆಯ ದಿನವನ್ನು ಎಣಿಸುವವರು ಯಾರು?

ಇಲೇಶದಿಂದ ಅಕುರೆಗೆ ಹೋಗುವ ಹೆದ್ದಾರಿಯ ಬದಿಗೆ ಎರಿನ್ ಇಜೇಶಾ ಎಂಬ ಊರು. ಈಗ ಅದು 1991ರಲ್ಲಿ ರಚಿತವಾದ ಒಸುನ್ ರಾಜ್ಯದಲ್ಲಿದೆ. ಆಗ ಓಯೋ ರಾಜ್ಯಕ್ಕೆ ಸೇರಿತ್ತು. ಊರು ದಾಟಿ ಕೋಕೋ ತೋಟಗಳ ನೆರಳಿನಲ್ಲಿ ನಡೆದರೆ ಓಲುಮಿರಿನ್ ಜಲಪಾತ ಸಿಗುತ್ತದೆ. ನೀರು ಏಳು ಹಂತಗಳಲ್ಲಿ ಬೆಟ್ಟದಿಂದ ಇಳಿಯುತ್ತದೆ. ಒಡುದುವನ ಮೊಮ್ಮಗಳು ಅಕಿನ್ಲಾ ಎಂಬಾಕೆ ತನ್ನವರೊಡನೆ ನೆಲೆ ಹುಡುಕಿಕೊಂಡು ಬರುವಾಗ ಇದನ್ನು ಮೊದಲು ಕಂಡಳೆಂದು ಅಲ್ಲಿಯ ಐತಿಹ್ಯ. ನಮ್ಮ ಜೋಗದ ಎತ್ತರವನ್ನು ಇದರಲ್ಲಿ ಹುಡುಕಬಾರದು. ಆದರೆ ಜೋಗವನ್ನು ದೂರದಿಂದ ನೋಡಬೇಕು, ಇದನ್ನು ಮುಟ್ಟಬಹುದು. ಮೇಲಿನ ಹಂತಗಳಿಗೆ ಬೇರು ಹಿಡಿದು, ಪಾಚಿಗಟ್ಟಿದ ಬಂಡೆಗಳನ್ನು ಅಪ್ಪಿಕೊಂಡು ಹತ್ತಬೇಕು. ನಾನು ಎಷ್ಟು ಸಲ ಹೋದರೂ ಮೂರನೆಯ ಹಂತವನ್ನು ದಾಟಲಿಲ್ಲ. ಮೇಸ್ತ್ರಿ ಮಾತ್ರ ಸಾರುವೆ ಹತ್ತುವವನಂತೆ ಸಲೀಸಾಗಿ ಏರಿಹೋಗಿ ಮೇಲಿನಿಂದ ಕೂಗುತ್ತಿದ್ದನು. ನೀರಿನ ಸದ್ದಿನಲ್ಲಿ ಒಂದೂ ಕೇಳಿಸುತ್ತಿರಲಿಲ್ಲ.

ಮಳೆಗಾಲ ಕಳೆದು ನೀರಿನ ರಭಸ ಕಡಿಮೆಯಾದ ಮೇಲೆ ಶನಿವಾರಗಳಂದು ಈಜಿನ ಪಾಠ. ಎಣ್ಣೆಯ ಖಾಲಿ ಪ್ಲಾಸ್ಟಿಕ್ ಡಬ್ಬಿಯೊಂದರ ಬಾಯಿ ಬಿಗಿದು, ಹಗ್ಗದಿಂದ ನನ್ನ ಬೆನ್ನಿಗೆ ಕಟ್ಟಿ, ಮೇಸ್ತ್ರಿಯು ನನ್ನನ್ನು ಮಡುವಿಗೆ ನೂಕಿದನು. ನಮ್ಮೂರಿನ ಸೋರೆಬುರುಡೆಯೇ ಇಲ್ಲಿ ಹೊಸ ವೇಷದಲ್ಲಿ ಬಂದಿತ್ತು. ನೀರು ಎಷ್ಟು ತಣ್ಣಗಿತ್ತೆಂದರೆ ಮೊದಲ ದಿನ ಬಾಯಿಂದ ಕನ್ನಡವೇ ಹೊರಟಿತು. ನಾಲ್ಕನೆಯ ಶನಿವಾರ ಆತ ನನಗೆ ಹೇಳದೆಯೇ ಡಬ್ಬಿಯ ಗಂಟು ಬಿಚ್ಚಿದ್ದನು. ದಡ ಸೇರಿದ ಮೇಲೆ ಆತನ ಕೈಯಲ್ಲಿ ಅದನ್ನು ಕಂಡು ಬೈದೆ. ಅಣ್ಣತಮ್ಮಂದಿರು ಹೊಟ್ಟೆ ಹಿಡಿದು ನಕ್ಕರು.

ದಾರಿಯ ಬುಡದಲ್ಲಿ ಒಬ್ಬ ಹಿರಿಯ ಹೆಂಗಸು ಒಲೆ ಹೂಡಿ ಅಕಾರಾ ಕರಿಯುತ್ತಿದ್ದಳು. ಅದು ಅಲಸಂದೆ ಕಾಳಿನ ಬೋಂಡ. ಸಸ್ಯಾಹಾರಿಯಾದ ನನಗೆ ಆ ದೇಶದಲ್ಲಿ ಅದೇ ಆಧಾರ. ಆಕೆಯನ್ನು ಎಲ್ಲರೂ ‘ಮಾಮಾ’ ಎನ್ನುತ್ತಿದ್ದರು. (ಅಲ್ಲಿ ಮಾಮಾ ಎಂದರೆ ತಾಯಿ, ನಮ್ಮ ಸೋದರಮಾವನಲ್ಲ.) ಮೇಸ್ತ್ರಿಯನ್ನು ಕಂಡರೆ ಆಕೆ ಯೊರುಬಾ ಬಿಟ್ಟು ಬೇರಾವುದೋ ಭಾಷೆಯಲ್ಲಿ ಹರಟುತ್ತಿದ್ದಳು. ಅದು ಘಾನಾದ ಟ್ವಿ ಭಾಷೆಯೆಂದು ಗಣಿತದ ಮೇಷ್ಟ್ರು ಹೇಳಿದರು. ಆಕೆ ಹದಿನಾರು ವರ್ಷ ಕುಮಾಸಿಯ ಮಾರುಕಟ್ಟೆಯಲ್ಲಿ ಬಟ್ಟೆ ಮಾರಿದವಳು. ಯೊರುಬಾ ವ್ಯಾಪಾರಿಗಳು ಘಾನಾದಲ್ಲಿ ತಲೆಮಾರುಗಳಿಂದ ನೆಲೆಸಿದ್ದರು. 1969ರ ನವೆಂಬರ್ 18ರಂದು ಕೋಫಿ ಬುಸಿಯಾ ಅವರ ಸರ್ಕಾರವು, ಪರವಾನಗಿ ಇಲ್ಲದ ವಿದೇಶೀಯರೆಲ್ಲ ಎರಡು ವಾರದಲ್ಲಿ ಪರವಾನಗಿ ಪಡೆಯಬೇಕು, ಇಲ್ಲವೇ ದೇಶ ಬಿಡಬೇಕೆಂದು ಆಜ್ಞೆ ಮಾಡಿತು. ನಿರುದ್ಯೋಗಕ್ಕೂ ಬೆಲೆಯೇರಿಕೆಗೂ ಪರದೇಶಿಗಳೇ ಕಾರಣವೆಂದು ಜನ ನಂಬಿದ್ದರು. ಲಕ್ಷಾಂತರ ಮಂದಿ ಹೊರಟರು. ಅವರಲ್ಲಿ ಘಾನಾದಲ್ಲಿಯೇ ಹುಟ್ಟಿದವರೂ ಇದ್ದರು. ಮಾಮಾ ಅಂಗಡಿಯ ಸರಕನ್ನು ನೆರೆಯವಳಿಗೆ ಒಪ್ಪಿಸಿ ಬಂದಳಂತೆ. ಇಷ್ಟಾದರೂ ಘಾನಾದ ಹುಡುಗನಿಗೆ ಆಕೆ ಒಂದು ಅಕಾರಾ ಹೆಚ್ಚು ಕೊಡುತ್ತಿದ್ದಳು.

1982ರ ಹೊತ್ತಿಗೆ ತೈಲದ ಆದಾಯ ಕುಸಿದಿತ್ತು. ಅನೇಕ ಕಡೆ ಕಟ್ಟಡದ ಕೆಲಸಗಳು ನಿಂತವು; ಉಪಾಧ್ಯಾಯರಿಗೆ ಸಂಬಳ ತಿಂಗಳುಗಟ್ಟಲೆ ತಡವಾಗತೊಡಗಿತು. ಮುಂದಿನ ವರ್ಷ ಚುನಾವಣೆ. 1983ರ ಜನವರಿ 17ರಂದು ಅಧ್ಯಕ್ಷ ಶೆಹು ಶಗಾರಿಯವರ ಸರ್ಕಾರವು, ದಾಖಲೆಗಳಿಲ್ಲದ ವಿದೇಶೀಯರು ತಿಂಗಳ ಕೊನೆಯೊಳಗೆ ದೇಶ ಬಿಡಬೇಕೆಂದು ಸಾರಿತು. ಸರ್ಕಾರಿ ನೌಕರಿಯಲ್ಲಿದ್ದವರಿಗೆ ವಿನಾಯಿತಿ ಇತ್ತು. ಆದುದರಿಂದ ನನಗೂ ಗಣಿತದ ಮೇಷ್ಟ್ರಿಗೂ ತೊಂದರೆಯಿರಲಿಲ್ಲ. ನುರಿತ ಕೆಲಸಗಾರರಿಗೆ ಫೆಬ್ರವರಿ ಕೊನೆಯವರೆಗೆ ಅವಕಾಶವಿದೆಯೆಂದು ತಿಳಿಯಿತು. ಆದರೆ ಗೋಡೆ ಕಟ್ಟುವವನು ನುರಿತವನೋ ಅಲ್ಲವೋ ಎಂಬುದನ್ನು ಪೊಲೀಸನೊಬ್ಬನ ತೀರ್ಮಾನಕ್ಕೆ ಬಿಡಲು ಮೇಸ್ತ್ರಿ ಒಪ್ಪಲಿಲ್ಲ.

ಹರ್ಮಟಾನ್ ಗಾಳಿಯ ಧೂಳು ಕವಿದ ಒಂದು ಬೆಳಗ್ಗೆ ಮೋಟಾರ್ ಪಾರ್ಕಿಗೆ ಹೋಗಿ ಆತನನ್ನು ಕಳುಹಿಸಿದೆವು. ನಮ್ಮ ಬಸ್ ನಿಲ್ದಾಣಗಳಲ್ಲಿ ಕಾಣುವ, ಚೌಕುಳಿ ಗೆರೆಗಳ ದೊಡ್ಡ ಪ್ಲಾಸ್ಟಿಕ್ ಚೀಲಗಳು ಅಂದು ಎಲ್ಲರ ತಲೆಯ ಮೇಲೂ. ಅಲ್ಲಿಯ ಜನ ಇಂದಿಗೂ ಆ ಚೀಲವನ್ನು ‘ಘಾನಾ ಮಸ್ಟ್ ಗೋ’ ಎಂದೇ ಕರೆಯುತ್ತಾರೆ. ಊರಿಗೆ ಹೋಗುವ ದಾರಿಯಾದರೂ ತೆರೆದಿತ್ತೇ? ಘಾನಾ ತನ್ನ ಗಡಿಯನ್ನು ತಾನೇ ಮುಚ್ಚಿಕೊಂಡಿತ್ತು. ಜನವರಿ 29ರಂದು ಅದು ತೆರೆಯುವವರೆಗೆ ಸಾವಿರಾರು ಜನ ನಡುವಿನ ದೇಶಗಳ ರಸ್ತೆಗಳಲ್ಲಿ ಅನ್ನನೀರಿಲ್ಲದೆ ಬಿದ್ದಿದ್ದರು. ಒಟ್ಟು ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಹೊರಬಿದ್ದರೆಂದು ಅಂದಾಜು. ನಾನು ಅಂದು ಮಧ್ಯಾಹ್ನ ಶಾಲೆಗೆ ಹಿಂದಿರುಗಿ, ಆತ ಕಟ್ಟಿದ ಕೊಠಡಿಯಲ್ಲಿಯೇ ಪಾಠ ಮಾಡಿದೆನು.

ಫೆಬ್ರವರಿಯಲ್ಲಿ ಒಂದು ಶನಿವಾರ ಒಬ್ಬನೇ ಎರಿನ್‌ಗೆ ಹೋದೆ. ಮಾಮಾ ನನ್ನ ಹಿಂದೆ ಯಾರಾದರೂ ಬರುತ್ತಿರುವರೇ ಎಂದು ನೋಡಿದಳು. ವಿಷಯ ತಿಳಿಸಿದೆನು.

“ಎಷ್ಟು ದಿನ ಕೊಟ್ಟರು?” ಎಂದಳು.

“ಹದಿನಾಲ್ಕು.”

“ನಮಗೂ ಅಷ್ಟೇ ಕೊಟ್ಟಿದ್ದರು” ಎಂದು ಎಣ್ಣೆಯಲ್ಲಿದ್ದ ಅಕಾರಾಗಳನ್ನು ತಿರುವಿಹಾಕಿದಳು. ನನ್ನಿಂದ ಅಂದು ಹಣ ತೆಗೆದುಕೊಳ್ಳಲಿಲ್ಲ.

ಆ ವರ್ಷ ಘಾನಾದಲ್ಲಿ ಬರ, ಕಾಡ್ಗಿಚ್ಚು, ಕ್ಷಾಮ. ಮೇಸ್ತ್ರಿಯಿಂದ ಅಣ್ಣನಿಗೆ ಒಂದೇ ಕಾಗದ ಬಂದಿತು; ಕೆಲಸವಿಲ್ಲ, ಜೋಳ ಸಿಗುತ್ತಿಲ್ಲ ಎಂದು ಬರೆದು, ಕೊನೆಯಲ್ಲಿ ಇಂಡಿಯಾದ ಮೇಷ್ಟ್ರು ಈಜು ಬಿಟ್ಟಿಲ್ಲವಷ್ಟೆ ಎಂದು ಕೇಳಿದ್ದನು. 1984ರಲ್ಲಿ ನಾನು ಊರಿಗೆ ಹೊರಟಾಗ ಆ ಎಣ್ಣೆಯ ಡಬ್ಬಿಯನ್ನು ಗಣಿತದ ಮೇಷ್ಟ್ರ ಮನೆಯಲ್ಲಿ ಬಿಟ್ಟುಬಂದೆನು. ಅವರು ಅದರಲ್ಲಿ ಸೀಮೆಎಣ್ಣೆ ತುಂಬಿಡುತ್ತಿದ್ದರು.