ಜೇಲಿನಲ್ಲಿ ಹುಟ್ಟಿದ ಆಸ್ಪತ್ರೆ

ಹೈದರಾಬಾದಿನಲ್ಲಿ ಯಾರಾದರೂ ಸ್ವಲ್ಪ ತಿಕ್ಕಲು ತಿಕ್ಕಲಾಗಿ ಮಾತಾಡಿದರೆ "ಇವನನ್ನ ಎರ್ರಗಡ್ಡಕ್ಕೆ ಸೇರಿಸಬೇಕು" ಅನ್ನುತ್ತಾರೆ. ಇದೇ ಜಾಗದಲ್ಲಿ ಉತ್ತರ ಕರ್ನಾಟಕದವರು ಧಾರವಾಡದ ಹೆಸರು ಹೇಳುತ್ತಾರೆ, ಬೆಂಗಳೂರಿನವರು ನಿಮ್ಹಾನ್ಸ್ ಅನ್ನುತ್ತಾರೆ. ಊರಿನ ಹೆಸರೇ ಬೈಗುಳವಾಗುವ ಭಾಗ್ಯ ಬೇರೆ ಯಾವ ಆಸ್ಪತ್ರೆಗೂ ಇಲ್ಲ! ಯಾಕೆ ಹೀಗಾಯಿತು ಅಂತ ಹುಡುಕುತ್ತಾ ಹೋದರೆ ಉತ್ತರ ಸಿಗುವುದು ವೈದ್ಯರ ಬಳಿಯಲ್ಲ, ಕಟ್ಟಡಗಳ ಬಳಿ.

ಎರ್ರಗಡ್ಡದ ಆಸ್ಪತ್ರೆ ಶುರುವಾದದ್ದು ಎರ್ರಗಡ್ಡದಲ್ಲಲ್ಲ. 1895ರಲ್ಲಿ, ನಿಜಾಮರ ಕಾಲದಲ್ಲಿ, ಅದು ಹುಟ್ಟಿದ್ದು ಹೈದರಾಬಾದಿನ ಜೇಲಿನ ಆವರಣದಲ್ಲಿ. ಕಳ್ಳತನ ಮಾಡಿದವನಿಗೂ ಮನಸ್ಸು ಕೆಟ್ಟವನಿಗೂ ಒಂದೇ ಗೋಡೆ. ಆಗ ಕೇಳುತ್ತಿದ್ದ ಪ್ರಶ್ನೆ "ಇವನನ್ನು ಹೇಗೆ ಗುಣಪಡಿಸೋದು" ಅನ್ನುವುದಕ್ಕಿಂತ "ಎಲ್ಲಿ ಇಡೋದು" ಅನ್ನುವುದು.

1907ರಲ್ಲಿ ಆಸ್ಪತ್ರೆಯನ್ನು ಜಾಲ್ನಾಕ್ಕೆ ಸಾಗಿಸಿದರು. ಈಗ ಮಹಾರಾಷ್ಟ್ರದಲ್ಲಿರುವ ಜಾಲ್ನಾ ಆಗ ನಿಜಾಮರ ರಾಜ್ಯದ ಮರಾಠವಾಡ ಭಾಗ. ಹೈದರಾಬಾದಿನಿಂದ ರೈಲಿನಲ್ಲಿ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ. ನಮ್ಮ ಗುಲ್ಬರ್ಗಾ, ರಾಯಚೂರು, ಬೀದರ್ ಕೂಡ ಅದೇ ರಾಜ್ಯದಲ್ಲಿದ್ದವು ನೋಡಿ. ರಾಯಚೂರಿನ ಒಬ್ಬ ರೈತನ ಮಗನನ್ನು ಅಲ್ಲಿಗೆ ಸೇರಿಸಿದರೆ ಅಪ್ಪ ಅಮ್ಮ ಎಷ್ಟು ಸಲ ಹೋಗಿ ನೋಡಿಯಾರು? ಗೋಡೆ ಮಾಡದ ಕೆಲಸವನ್ನು ದೂರವೇ ಮಾಡುತ್ತಿತ್ತು.

1953ರಲ್ಲಿ ಆಸ್ಪತ್ರೆ ಮತ್ತೆ ಹೈದರಾಬಾದಿಗೆ, ಎರ್ರಗಡ್ಡಕ್ಕೆ ಬಂತು. ಮೂರೇ ವರ್ಷಕ್ಕೆ, 1956ರಲ್ಲಿ, ರಾಜ್ಯಗಳು ಹರಿದು ಹಂಚಿಹೋದವು. ಜಾಲ್ನಾ ಮುಂಬಯಿ ರಾಜ್ಯಕ್ಕೆ, ಎರ್ರಗಡ್ಡ ಆಂಧ್ರಪ್ರದೇಶಕ್ಕೆ, ನಮ್ಮ ಮೂರು ಜಿಲ್ಲೆಗಳು ಮೈಸೂರಿಗೆ. ಅಲ್ಲಿಂದಾಚೆಗೆ ನಮ್ಮವರ ಪಾಲಿನ ಸರಕಾರಿ ಆಸ್ಪತ್ರೆಗಳೆಂದರೆ 1845ರಲ್ಲಿ ಶುರುವಾದ ಧಾರವಾಡದ್ದು, ಇಲ್ಲವೇ ಬೆಂಗಳೂರಿನದ್ದು.

ಈ ಜೇಲಿನ ನೆರಳು ನಮ್ಮ ದೇಶದ್ದು ಮಾತ್ರ ಅಂದುಕೊಳ್ಳಬೇಡಿ. 1784ರಲ್ಲಿ ವಿಯೆನ್ನಾದಲ್ಲಿ 'ಹುಚ್ಚರ ಗೋಪುರ' ಅಂತಲೇ ಒಂದು ಗುಂಡನೆಯ ಕಟ್ಟಡ ಕಟ್ಟಿದರು. ಐದು ಅಂತಸ್ತು, ಪ್ರತಿ ಅಂತಸ್ತಿನಲ್ಲೂ ಸಾಲಾಗಿ 28 ಕೋಣೆ. ಅದು ಇವತ್ತಿಗೂ ನಿಂತಿದೆ, ಮ್ಯೂಸಿಯಂ ಆಗಿ. ಅದಾದ ಹನ್ನೆರಡೇ ವರ್ಷಕ್ಕೆ, 1796ರಲ್ಲಿ, ಇಂಗ್ಲೆಂಡಿನ ಯಾರ್ಕ್ ಊರಿನಲ್ಲಿ ವಿಲಿಯಂ ಟ್ಯೂಕ್ ಎಂಬ ಚಹಾ ವ್ಯಾಪಾರಿ ಇನ್ನೊಂದು ಥರದ ಜಾಗ ತೆರೆದ. ಮನೆಯಂಥ ಕಟ್ಟಡ, ಸುತ್ತ ತೋಟ, ಕೈಗೊಂದು ಕೆಲಸ, ಸರಪಳಿ ಇಲ್ಲ. ಅಂದಿನಿಂದ ಈ ಎರಡು ನಕ್ಷೆಗಳ ನಡುವೆಯೇ ಜಗ್ಗಾಟ: ಕಾವಲಿನ ನಕ್ಷೆ, ಮನೆಯ ನಕ್ಷೆ.

ಬೆಂಗಳೂರು ಎರಡನೆಯದರ ಕಡೆ ಹೆಜ್ಜೆ ಇಟ್ಟಿತ್ತು ಅನ್ನುವುದು ನಮಗೆ ಹೆಮ್ಮೆಯ ವಿಷಯ. ಪೇಟೆಯ ನಡುವೆ ಇದ್ದ ಹಳೆಯ ಅಸೈಲಮ್ಮಿಗೆ 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಅಂತ ಹೆಸರು ಬದಲಾಯಿತು. ಡಾ. ಫ್ರಾಂಕ್ ನರೋನ್ಹಾ ಮುಖ್ಯಸ್ಥರಾಗಿದ್ದಾಗ, ಮಿರ್ಜಾ ಇಸ್ಮಾಯಿಲ್ ದಿವಾನಗಿರಿಯಲ್ಲಿ, 1930ರ ದಶಕದ ಕೊನೆಯ ಹೊತ್ತಿಗೆ ಅದು ಹೊಸೂರು ರಸ್ತೆಯ ವಿಶಾಲ ಜಾಗಕ್ಕೆ ಹೋಯಿತು. ಒಂದೇ ದೊಡ್ಡ ಕೋಟೆಯ ಬದಲು ಬಿಡಿ ಬಿಡಿ ವಾರ್ಡುಗಳು, ನಡುವೆ ಗಿಡಮರ. ಅದೇ ಮುಂದೆ 1974ರಲ್ಲಿ ನಿಮ್ಹಾನ್ಸ್‌ನ ಭಾಗವಾಯಿತು.

ಆದರೆ ನನ್ನನ್ನು ಹೆಚ್ಚು ತಟ್ಟಿದ್ದು ಕಟ್ಟಡವೇ ಅಲ್ಲದ ಒಂದು ಕಟ್ಟಡ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜತೆ ಮನೆಯವರನ್ನೂ ಉಳಿಸಿಕೊಂಡರು. ಮನೆಯವರು ಕಾಯಿಲೆ ಎಂದರೇನು ಅಂತ ಕಲಿತರು. ರೋಗಿಗಳು ಬೇಗ ಊರಿಗೆ ಮರಳಿದರು. ವೆಲ್ಲೂರಿನಲ್ಲೂ ನಿಮ್ಹಾನ್ಸ್‌ನಲ್ಲೂ ಇದೇ ದಾರಿ ಹಿಡಿದರು. ಜಾಲ್ನಾ ದೂರ ಮಾಡಿದ್ದನ್ನು ಒಂದು ಡೇರೆ ಹತ್ತಿರ ಮಾಡಿತ್ತು!

ಇದೆಲ್ಲ ಹಳೇ ಕಥೆ ಅಂತ ತಳ್ಳಿಹಾಕುವಂತಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ 28 ಮಂದಿ ಸತ್ತರು. ಅವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ಓಡಲಾಗಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ತಲೆ ಬೋಳಿಸಬಾರದು, ಖಾಸಗಿತನಕ್ಕೆ ಧಕ್ಕೆ ತರಬಾರದು ಎನ್ನುತ್ತದೆ.

ಮೆಟ್ರೋದಲ್ಲಿ ಈಗ ಎರ್ರಗಡ್ಡ ಒಂದು ಸ್ಟೇಷನ್. ಊರಾಚೆ ಅಂತ ಕಟ್ಟಿದ್ದು ಊರ ನಡುವೆಯೇ ಬಂದಿದೆ. ನಮ್ಮಂಥ ಊರು ಬಿಟ್ಟು ಬಂದವರ ಮನೆಗಳಲ್ಲೂ ಈ ಕಾಯಿಲೆ ಇದೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ಯಾರನ್ನಾದರೂ ಸೇರಿಸಬೇಕಾಗಿ ಬಂದರೆ, ಸರಕಾರಿಯಾಗಲಿ ಖಾಸಗಿಯಾಗಲಿ, ಡಾಕ್ಟರ ಡಿಗ್ರಿ ಜತೆಗೆ ಕಟ್ಟಡವನ್ನೂ ಒಮ್ಮೆ ಸುತ್ತಿ ನೋಡಿ. ವಾರ್ಡಿಗೆ ಬಿಸಿಲು ಬರುತ್ತದಾ? ಶೌಚಾಲಯಕ್ಕೆ ಬಾಗಿಲಿದೆಯಾ? ನರ್ಸ್ ಕೂತಲ್ಲಿಂದಲೇ ರೋಗಿಗಳು ಕಾಣುತ್ತಾರಾ, ಇಲ್ಲ ಬೀಗ ಹಾಕಿ ಹೋಗುತ್ತಾರಾ? ಎಲ್ಲಕ್ಕಿಂತ ಮುಖ್ಯವಾಗಿ, ಜತೆಗೆ ಬಂದ ಅಮ್ಮನಿಗೆ ರಾತ್ರಿ ಮಲಗಲು ಜಾಗ ಇದೆಯಾ ಅಂತ ಕೇಳಿ.