‘ಇನ್ನೇನೂ ಮಾಡ್ಲಿಕ್ಕಿಲ್ಲ’ ಎಂದ ಮೇಲೆ: ಪಾಲಿಯೇಟಿವ್ ಕೇರ್ ಎಂದರೇನು?

‘ಇನ್ನೇನೂ ಮಾಡ್ಲಿಕ್ಕಿಲ್ಲ, ಮನೆಗೆ ಕರ್ಕೊಂಡು ಹೋಗಿ.’ ಕ್ಯಾನ್ಸರ್ ಉಲ್ಬಣಿಸಿದ ಎಷ್ಟೋ ರೋಗಿಗಳ ಮನೆಯವರು ಆಸ್ಪತ್ರೆಯಲ್ಲಿ ಕೇಳುವ ಮಾತು ಇದು. ಹೇಳುವ ವೈದ್ಯರಿಗೂ ಸುಲಭವಲ್ಲ. ರೋಗವನ್ನು ಗೆಲ್ಲುವುದನ್ನೇ ಕಲಿತವರಿಗೆ ಸಾವು ತಮ್ಮ ಸೋಲಿನಂತೆ ಕಾಣುತ್ತದೆ. ಕೆಲವರು ವಾರ್ಡ್ ರೌಂಡ್ಸ್‌ನಲ್ಲಿ ಅಂಥ ರೋಗಿಯ ಹಾಸಿಗೆಯನ್ನು ಬೇಗ ದಾಟಿಬಿಡುವುದೂ ಇದೇ ಕಾರಣಕ್ಕೆ.

ಈ ದೃಷ್ಟಿಯನ್ನು ಬದಲಿಸಿದವರಲ್ಲಿ ಪ್ರಮುಖರು ಬ್ರಿಟನ್‌ನ ಸಿಸಿಲಿ ಸಾಂಡರ್ಸ್. ಮೊದಲು ನರ್ಸ್ ಆಗಿ, ಆಮೇಲೆ ಸಮಾಜ ಕಾರ್ಯಕರ್ತೆಯಾಗಿ ದುಡಿದು ಕೊನೆಗೆ ವೈದ್ಯೆಯಾದ ಅವರು 1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ನೋವು ದೇಹದ್ದು ಮಾತ್ರವಲ್ಲ. ಮನಸ್ಸಿನದ್ದು, ಕುಟುಂಬದ್ದು, ಆತ್ಮದ್ದೂ ಹೌದು ಎಂಬುದು ಅವರ ನಿಲುವು.

ಕೇರಳದಲ್ಲಿ ಈ ಕೆಲಸ 1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರಿಂದ ಶುರುವಾಯಿತು. ಬಳಿಕ ಊರಿನ ಸ್ವಯಂಸೇವಕರು ಕೈಜೋಡಿಸಿದರು. 2008ರಲ್ಲಿ ಕೇರಳ ಸರಕಾರ ಪಾಲಿಯೇಟಿವ್ ಕೇರ್ ನೀತಿಯನ್ನೇ ತಂದಿತು. ಹಾಗಾಗಿ ಕಾಸರಗೋಡಿನವರಿಗೆ ಮನೆಗೆ ಬರುವ ಪಾಲಿಯೇಟಿವ್ ನರ್ಸ್ ಹೊಸಬರಲ್ಲ. ಗಾಯ ತೊಳೆಯುವುದು, ಕ್ಯಾಥೆಟರ್ ಬದಲಿಸುವುದು, ಬೆನ್ನಹುಣ್ಣು ಆಗದಂತೆ ರೋಗಿಯನ್ನು ಹೊರಳಿಸುವುದು ಹೇಗೆಂದು ಮನೆಯವರಿಗೆ ತೋರಿಸುವುದು ಅವರ ಕೆಲಸ. ‘ಮಾಡ್ಲಿಕ್ಕೆ’ ಇನ್ನೂ ಎಷ್ಟೋ ಇರುತ್ತದೆ.

ಮಾರ್ಫಿನ್ ಬಗ್ಗೆ ಮನೆಯವರಿಗೆ ಮಾತ್ರವಲ್ಲ, ಕೆಲವು ವೈದ್ಯರಿಗೂ ಭಯವಿದೆ. 1985ರ ಮಾದಕ ವಸ್ತು ಕಾಯ್ದೆಯ ಕಟ್ಟುನಿಟ್ಟಿನಿಂದಾಗಿ ಈ ಔಷಧಿ ಸಿಗುವುದೇ ಕಷ್ಟವಾಗಿತ್ತು. 2014ರ ತಿದ್ದುಪಡಿ ನಿಯಮಗಳನ್ನು ಸಡಿಲಿಸಿತು. ತಜ್ಞರು ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ. ಮಲಬದ್ಧತೆ ಸಾಮಾನ್ಯ, ಅದಕ್ಕೂ ಮದ್ದು ಜೊತೆಗೇ ಕೊಡುತ್ತಾರೆ. ಪಾಲಿಯೇಟಿವ್ ಕೇರ್ ದಯಾಮರಣವಲ್ಲ. ಅದು ಸಾವನ್ನು ಬೇಗ ಕರೆಯುವುದೂ ಇಲ್ಲ, ಎಳೆದಾಡುವುದೂ ಇಲ್ಲ.

ಆರೋಗ್ಯ ಕಾರ್ಯಕರ್ತರನ್ನು ಹೆಚ್ಚು ಇಕ್ಕಟ್ಟಿಗೆ ಸಿಲುಕಿಸುವುದು ‘ಅವರಿಗೆ ಹೇಳ್ಬೇಡಿ’ ಎಂಬ ಮನೆಯವರ ಕೋರಿಕೆ. ಪ್ರೀತಿಯಿಂದಲೇ ಬಂದ ಮಾತು ಅದು. ಆದರೆ ರೋಗಿಗೆ ಹೆಚ್ಚಾಗಿ ಮೊದಲೇ ಅಂದಾಜು ಇರುತ್ತದೆ. ಸುಳ್ಳಿನ ಗೋಡೆಯೊಳಗೆ ಅವರು ಒಂಟಿಯಾಗುತ್ತಾರೆ. ಸಾಲ ತೀರಿಸುವುದು, ವಸಿಯ್ಯತ್ ಹೇಳುವುದು, ಮುನಿಸಿಕೊಂಡ ತಮ್ಮನನ್ನು ಕರೆಸಿ ಕ್ಷಮೆ ಕೇಳುವುದು ಎಲ್ಲ ಬಾಕಿಯಾಗುತ್ತದೆ. ಆದ್ದರಿಂದ ಅನುಭವಿ ನರ್ಸ್‌ಗಳು ಮೊದಲು ಹೇಳುವುದಿಲ್ಲ, ಕೇಳುತ್ತಾರೆ: ‘ನಿಮಗೆ ಏನಾಗಿದೆ ಅಂತ ಗೊತ್ತುಂಟಾ? ಇನ್ನೂ ತಿಳ್ಕೊಳ್ಬೇಕಾ?’ ಎಷ್ಟು ತಿಳಿಯಬೇಕೆಂಬುದನ್ನು ರೋಗಿಯೇ ತೀರ್ಮಾನಿಸುತ್ತಾರೆ.

ಪ್ರತಿದಿನ ಸಾವು ನೋಡುವವರ ಮನಸ್ಸೂ ದಣಿಯುತ್ತದೆ. ಒಳ್ಳೆಯ ತಂಡಗಳಲ್ಲಿ ಒಬ್ಬರು ತೀರಿಕೊಂಡ ಮೇಲೆ ಕೂತು ಮಾತಾಡುವ, ಆ ಮನೆಗೆ ಮತ್ತೊಮ್ಮೆ ಹೋಗಿಬರುವ ರೂಢಿ ಇದೆ.

ಈ ಆರೈಕೆ ಕ್ಯಾನ್ಸರ್‌ಗೆ ಮಾತ್ರ ಸೀಮಿತವಲ್ಲ. ಕಿಡ್ನಿ ವೈಫಲ್ಯ, ಪಾರ್ಶ್ವವಾಯು, ಶ್ವಾಸಕೋಶದ ದೀರ್ಘ ಕಾಯಿಲೆ ಇರುವವರಿಗೂ ಇದೆ. ಕೊನೆಯ ವಾರದವರೆಗೆ ಕಾಯಬೇಕಾಗಿಲ್ಲ. ಚಿಕಿತ್ಸೆ ನಡೆಯುತ್ತಿರುವಾಗಲೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಬಹುದು. ಯುವಕರು ತರಬೇತಿ ಪಡೆದು ವಾರಕ್ಕೊಂದು ಗಂಟೆ ಪಕ್ಕದ ಮನೆಯ ರೋಗಿಯ ಬಳಿ ಕೂತರೂ ಆ ಮನೆಯವರಿಗೆ ಅದು ದೊಡ್ಡ ಆಸರೆ.